ತಾಕತ್ತಿನ ಡಬ್ಬಿಗೆ ಕೂಲಿ ಸುರಿಯುವುದು ನಿಲ್ಲಲಿ

ಮೈಯಲ್ಲಿ ಯಾವ ಕೊರತೆಯೂ ಪತ್ತೆಯಾಗದ ಮನುಷ್ಯ ಆರೋಗ್ಯಕ್ಕೆಂದು, ತಾಕತ್ತಿಗೆಂದು ಡಬ್ಬಿ ಪೌಡರು, ಗುಳಿಗೆ, ಟಾನಿಕ್ಕು ಕೊಳ್ಳಬೇಕಾಗಿಲ್ಲ. ಕೊಂಡರೆ ಹಣ ಹಾಳು. ಕೆಲವರ ಪಾಲಿಗೆ ಮೈಯೂ ಹಾಳು. ರಕ್ತ ಪರೀಕ್ಷೆಯಲ್ಲಿ ಕೊರತೆ ಕಂಡವರು, ಗರ್ಭಿಣಿಯರು, ಬೆಳೆಯುವ ವಯಸ್ಸಿನ ಮಕ್ಕಳು, ಇವರ ಮಾತು ಬೇರೆ. ಅವರಿಗೆ ಬೇಕಾದ ಗುಳಿಗೆ ಬಹುಪಾಲು ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತದೆ. ಉಳಿದದ್ದು ವ್ಯಾಪಾರ. ಆದಿತ್ಯನಗರ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ದುಡಿಯುವ ಜನಕ್ಕೆ ನಾವು ಇದನ್ನು ಸುತ್ತಿ ಬಳಸದೆ ಹೇಳುತ್ತೇವೆ.

ಈ ಸುಣ್ಣದ ಕಲ್ಲಿನ ಸೀಮೆಯಲ್ಲಿ ಮೈಯೇ ಬಂಡವಾಳ. ಮಳಖೇಡದ ರಾಜಶ್ರೀ, ಸೇಡಂನ ವಾಸವದತ್ತಾ, ವಾಡಿಯ ಎಸಿಸಿ, ಇಂಥ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರು, ಚೀಲ ಹೊರುವ ಹಮಾಲರು, ಶಹಾಬಾದಿನ ಸುತ್ತ ಫರಸಿ ಕಲ್ಲು ಎಬ್ಬಿಸುವವರು, ಎಲ್ಲರಿಗೂ ಇರುವ ಭಯ ಒಂದೇ: ಮೈ ಬಿದ್ದರೆ ಅಂದಿನ ಪಗಾರ ಬಿತ್ತು. ಪೊಲೀಸ್ ಭರ್ತಿಗೆ, ಅಗ್ನಿವೀರ್ ಭರ್ತಿಗೆ ನಸುಕಿನಲ್ಲೆದ್ದು ಓಡುವ ಹುಡುಗರದು ಇನ್ನೊಂದು ಬಗೆಯ ಅವಸರ. ಮೈಯನ್ನೇ ನಂಬಿ ಬದುಕುವವನಿಗೆ 'ಇದನ್ನು ಕುಡಿದರೆ ತಾಕತ್ತು ಬರುತ್ತದೆ' ಎಂದು ಯಾರಾದರೂ ಹೇಳಿದರೆ ಅವನು ನಂಬುತ್ತಾನೆ. ನಂಬುವುದು ಅವನ ತಪ್ಪಲ್ಲ. ನಂಬಿಸಿ ಮಾರುವವರ ಮೇಲೆ, ಅದನ್ನು ನೋಡಿಯೂ ಸುಮ್ಮನಿರುವವರ ಮೇಲೆ ನಮ್ಮ ಸಿಟ್ಟು.

ಮೊದಲು ಲೆಕ್ಕ ನೋಡೋಣ. 1 ಕೆಜಿ ಪ್ರೋಟೀನ್ ಪೌಡರಿನ ಡಬ್ಬಿಗೆ 2,500 ರೂಪಾಯಿ ಎಂದು ಹಿಡಿಯಿರಿ. ಸ್ಕೂಪಿಗೆ 24 ಗ್ರಾಂ ಪ್ರೋಟೀನ್, ಡಬ್ಬಿಗೆ ಮೂವತ್ತು ಸ್ಕೂಪು. ಲೇಬಲ್ ಹೇಳಿದ್ದೆಲ್ಲ ನಿಜವೇ ಆದರೂ ಸಿಗುವುದು 720 ಗ್ರಾಂ. ಗ್ರಾಮಿಗೆ ಮೂರೂವರೆ ರೂಪಾಯಿ ಬಿತ್ತು. ತೊಗರಿ ಬೇಳೆ ಕೆಜಿಗೆ 130 ರೂಪಾಯಿ ಎಂದರೆ, ಅದರಲ್ಲಿ ಸುಮಾರು 220 ಗ್ರಾಂ ಪ್ರೋಟೀನ್ ಇದೆ. ಗ್ರಾಮಿಗೆ ಅರವತ್ತು ಪೈಸೆ. ಶೇಂಗಾದ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಏಳು ರೂಪಾಯಿಯ ತತ್ತಿಯಲ್ಲಿ 6 ಗ್ರಾಂ. ಬೇಳೆಯ ಪ್ರೋಟೀನು ಹಾಲಿನ ಪ್ರೋಟೀನಿನಷ್ಟು ಪೂರ್ತಿಯಾಗಿ ಜೀರ್ಣವಾಗುವುದಿಲ್ಲ ಎಂಬುದು ನಿಜ. ಆ ಕೊರತೆಯನ್ನು ಕಳೆದರೂ ಡಬ್ಬಿ ಹಲವು ಪಟ್ಟು ತುಟ್ಟಿಯೇ. ದಿನಗೂಲಿಯವನ ಮನೆಯಲ್ಲಿ ಒಂದು ಡಬ್ಬಿ ಬಂತೆಂದರೆ ಮಕ್ಕಳ ಹಾಲು, ಮನೆಯಾಕೆಯ ಪಾಲಿನ ಬೇಳೆ, ಇವುಗಳಲ್ಲಿ ಯಾವುದೋ ಒಂದಕ್ಕೆ ಕತ್ತರಿ ಬಿತ್ತೆಂದೇ ಅರ್ಥ.

ದೇಹಕ್ಕೆ ಬೇಕಾದದ್ದೆಷ್ಟು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ, ದಿನಕ್ಕೆ ಒಂದು ಕೆಜಿ ತೂಕಕ್ಕೆ 0.83 ಗ್ರಾಂ. 65 ಕೆಜಿ ತೂಗುವವನಿಗೆ 54 ಗ್ರಾಂ ಆಯಿತು. ಈಗ ಬುತ್ತಿ ಬಿಚ್ಚಿ ನೋಡಿ. ಒಂದು ಜೋಳದ ರೊಟ್ಟಿಗೆ ಸುಮಾರು 55 ಗ್ರಾಂ ಹಿಟ್ಟು ಹೋಗುತ್ತದೆ. ಅದರಲ್ಲಿ ಐದೂವರೆ ಗ್ರಾಂ ಪ್ರೋಟೀನ್. ಎರಡು ಹೊತ್ತಿಗೆ ಆರು ರೊಟ್ಟಿ ಅಂದರೆ 33 ಗ್ರಾಂ. ಎರಡು ಹೊತ್ತೂ ಗಟ್ಟಿ ಬೇಳೆ, ಹೊತ್ತಿಗೆ 40 ಗ್ರಾಂ ತೊಗರಿ ಬಿದ್ದರೆ 17 ಗ್ರಾಂ. ಒಂದು ಹಿಡಿ ಶೇಂಗಾ ಹಿಂಡಿಯಿಂದ 5, ಒಂದು ಲೋಟ ಹಾಲು ಅಥವಾ ಮೊಸರಿನಿಂದ 6. ಅಲ್ಲಿಗೆ 60 ದಾಟಿತು. ತತ್ತಿ ತಿನ್ನುವವನಾದರೆ ಇನ್ನೂ 6. ಪುಂಡಿ ಪಲ್ಯವನ್ನು ಲೆಕ್ಕಕ್ಕೆ ಹಿಡಿದೇ ಇಲ್ಲ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಕೂತು ಉಣ್ಣುವ ಸಜ್ಜಿ ರೊಟ್ಟಿ, ಹತ್ತಾರು ಕಾಳು ಸೊಪ್ಪು ಬಿದ್ದ ಭಜ್ಜಿ, ಶೇಂಗಾ ಹೋಳಿಗೆಯ ಊಟಕ್ಕೆ ಯಾವ ಕಂಪನಿಯ ಪೌಡರೂ ಸಾಟಿಯಾಗಲಾರದು.

ಆದರೆ ಇಲ್ಲಿ ನಿಂತು ಒಂದು ಕಹಿ ಮಾತನ್ನೂ ಆಡಬೇಕು. 'ನಮ್ಮ ರೊಟ್ಟಿ ಇರುವಾಗ ನಮಗೇನು ಕಡಿಮೆ' ಎಂದು ಎದೆ ತಟ್ಟಿಕೊಳ್ಳುವುದು ಸುಲಭ. ಜೋಳವನ್ನಷ್ಟೇ ಉಂಡ ಬಡವರಿಗೆ ಏನಾಯಿತೆಂಬುದಕ್ಕೆ ನಮ್ಮ ದಖ್ಖನಿನಲ್ಲಿಯೇ ಸಾಕ್ಷಿ ಇದೆ. ಕೂನೂರಿನಿಂದ ಹೈದರಾಬಾದಿಗೆ ಬಂದ ಪೋಷಣಾ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಈ ಭಾಗದ ಜೋಳ ಉಣ್ಣುವ ಬಡವರಲ್ಲಿ ಪೆಲಾಗ್ರ ಎಂಬ ರೋಗ ಕಂಡರು. ಬಿಸಿಲು ಬೀಳುವ ಕತ್ತು, ಕೈ, ಪಾದದ ಚರ್ಮ ಕರ್ರಗಾಗಿ ಬಿರಿಯುವುದು, ಭೇದಿ, ಬುದ್ಧಿ ಮಂಕಾಗುವುದು ಅದರ ಲಕ್ಷಣ. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಅತಿಯಾಗಿ ಇರುವುದೇ ಇದಕ್ಕೆ ಕಾರಣ ಎಂದು ಅವರು 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಆ ವಾದದ ಮೇಲೆ ಮುಂದೆ ಸಾಕಷ್ಟು ಚರ್ಚೆ ನಡೆಯಿತು. ಆದರೆ ಬೇಳೆ, ಹಾಲು, ಸೊಪ್ಪು ಜೊತೆಗಿಲ್ಲದೆ ಬರೀ ಜೋಳದಿಂದ ಹೊಟ್ಟೆ ತುಂಬಿಸಿದರೆ ಮೈ ಸೋಲುತ್ತದೆ ಎಂಬ ಬಗ್ಗೆ ಯಾರದೂ ತಕರಾರಿಲ್ಲ. ಜೋಳದಲ್ಲಿ ಕಡಿಮೆ ಇರುವ ಲೈಸಿನ್ ತೊಗರಿಯಲ್ಲಿ ಧಾರಾಳವಾಗಿದೆ. ರೊಟ್ಟಿಯ ಪಕ್ಕ ಬೇಳೆ ಬಂದದ್ದು ಬರೀ ರುಚಿಗಲ್ಲ. ಇಂದು ಜಿಮ್ಮುಗಳಲ್ಲಿ 'ಬಿಸಿಎಎ' ಎಂಬ ಹೆಸರಿನಲ್ಲಿ ಸಾವಿರಾರು ರೂಪಾಯಿಗೆ ಮಾರುವ ಪುಡಿಯ ಮುಖ್ಯ ಸರಕು ಅದೇ ಲ್ಯೂಸಿನ್. ಸರಿಯಾಗಿ ಉಣ್ಣುವವನಿಗೆ ಅದರಿಂದ ಹೆಚ್ಚಿನ ಲಾಭವಿಲ್ಲ.

2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೆಳೆಯುವ ನೆಲ ಇದು. ಆ ತೊಗರಿಯ ರಾಶಿ ಮಾಡುವ ಕೂಲಿಯವನ ಬುತ್ತಿಯಲ್ಲಿ ಬೇಳೆ ತಿಳಿಸಾರಾಗಿ ಹರಿಯುತ್ತಿದ್ದರೆ, ಅದನ್ನು ಗಟ್ಟಿ ಮಾಡುವ ದಾರಿ ಹುಡುಕಬೇಕು. ಡಬ್ಬಿ ಆ ದಾರಿಯಲ್ಲ.

ಕಸರತ್ತು ಮಾಡುವ ಹುಡುಗರು ಕೇಳುವ ಪ್ರಶ್ನೆಗೆ ನೇರ ಉತ್ತರ ಕೊಡಬೇಕು. ಭಾರ ಎತ್ತುವವರಿಗೆ ಹೆಚ್ಚು ಪ್ರೋಟೀನ್ ಬೇಡವೇ? ಬೇಕು. ಆದರೆ ಅದಕ್ಕೂ ಮಿತಿ ಇದೆ. ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಹೇಳುವಂತೆ, ಕೆಜಿ ತೂಕಕ್ಕೆ 1.6 ಗ್ರಾಂ ದಾಟಿದ ಮೇಲೆ ಉಂಡ ಪ್ರೋಟೀನಿನಿಂದ ಸ್ನಾಯುವಿಗೆ ಹೆಚ್ಚಿನದೇನೂ ದಕ್ಕುವುದಿಲ್ಲ. ದೀರ್ಘಕಾಲ ಭಾರದ ಕಸರತ್ತು ಮಾಡಿದವರಲ್ಲಿಯೂ ಪೌಡರಿನಿಂದ ಆಗುವ ಲಾಭ ಸಣ್ಣದು. ಮೈ ಕಟ್ಟಲೆಂದು ಪ್ರೋಟೀನ್ ಪೌಡರು ತೆಗೆದುಕೊಳ್ಳಬೇಡಿ ಎಂದೇ ಆ ಮಾರ್ಗಸೂಚಿ ಹೇಳಿದೆ. 65 ಕೆಜಿಯವನಿಗೆ 1.6ರ ಲೆಕ್ಕದಲ್ಲಿ 104 ಗ್ರಾಂ. ತತ್ತಿ, ಕೋಳಿ ತಿನ್ನುವವನು ಅದನ್ನು ತಟ್ಟೆಯಲ್ಲಿಯೇ ಮುಟ್ಟಬಲ್ಲ. ಸ್ಪರ್ಧೆಗೆ ತಯಾರಾಗುವ ಸಸ್ಯಾಹಾರಿ ಕುಸ್ತಿಪಟುವಿಗೆ, ಭಾರ ಎತ್ತುವವನಿಗೆ ಅದು ಕಷ್ಟವಾಗಬಹುದು. ಅಂಥವನು ಪರೀಕ್ಷೆಗೊಳಗಾದ ಹಾಲಿನ ಪ್ರೋಟೀನ್ ಪುಡಿ ಬಳಸಿದರೆ ನಮ್ಮ ಆಕ್ಷೇಪವಿಲ್ಲ. ಕ್ರಿಯೇಟಿನ್ ಎಂಬ ಪುಡಿಗೂ ಸಂಶೋಧನೆಯ ಬೆಂಬಲ ಇದೆ. ದಿನಕ್ಕೆ 3ರಿಂದ 5 ಗ್ರಾಂ, ಗಳಿಗೆ ಹೊತ್ತಿನ ಜೋರು ಶ್ರಮಕ್ಕೆ ಅದು ಒದಗುತ್ತದೆ. ಅದೂ ಮೂತ್ರಪಿಂಡ ಸರಿ ಇದ್ದವರಿಗೆ ಮಾತ್ರ. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕಾದ ಪೊಲೀಸ್ ಭರ್ತಿಯ ಹುಡುಗನಿಗೆ ಇವೆರಡರಿಂದಲೂ ಹೇಳಿಕೊಳ್ಳುವಂಥದ್ದು ಸಿಗುವುದಿಲ್ಲ. ಅವನಿಗೆ ಬೇಕಾದದ್ದು ತಿಂಗಳುಗಟ್ಟಲೆ ಓಟ, ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ.

ಡಬ್ಬಿಯಲ್ಲಿ ಇರುವುದಾದರೂ ಏನು? ಕೇರಳದ ಯಕೃತ್ ತಜ್ಞ ಸಿರಿಯಾಕ್ ಆಬಿ ಫಿಲಿಪ್ಸ್ ಮತ್ತು ಸಂಗಡಿಗರು ಭಾರತದ ಮಾರುಕಟ್ಟೆಯ 36 ಪ್ರೋಟೀನ್ ಉತ್ಪನ್ನಗಳನ್ನು ಪರೀಕ್ಷೆ ಮಾಡಿಸಿ 2024ರಲ್ಲಿ 'ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಸುಮಾರು ನೂರಕ್ಕೆ ಎಪ್ಪತ್ತರಲ್ಲಿ ಲೇಬಲ್ ಹೇಳಿದ ಪ್ರೋಟೀನಿಗೂ ಒಳಗಿದ್ದುದಕ್ಕೂ ತಾಳೆಯಿರಲಿಲ್ಲ. ನೂರಕ್ಕೆ 14ರಲ್ಲಿ ಅಫ್ಲಾಟಾಕ್ಸಿನ್ ಇತ್ತು, 8ರಲ್ಲಿ ಕೀಟನಾಶಕದ ಅಂಶ. ಅಫ್ಲಾಟಾಕ್ಸಿನ್ ಬೂಷ್ಟು ಹುಟ್ಟಿಸುವ ವಿಷ. ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ. (ಬೂಷ್ಟು ಹಿಡಿದ ಶೇಂಗಾದಲ್ಲಿಯೂ ಅದು ಇರುತ್ತದೆ, ಅಂಥ ಕಾಳನ್ನು ಆರಿಸಿ ಎಸೆಯಿರಿ.) ಇನ್ನು ಡಬ್ಬಿಯ ಹಿಂಬದಿ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಪ್ರತಿ ಆರೋಗ್ಯ ಪೂರಕದ ಮೇಲೂ ಇದು ಔಷಧಿಯಾಗಿ ಬಳಸಲು ಅಲ್ಲ, ಬಗೆಬಗೆಯ ಊಟಕ್ಕೆ ಇದು ಬದಲಿಯಲ್ಲ, ಹೇಳಿದ ಪ್ರಮಾಣ ಮೀರಬಾರದು ಎಂದು ಕಂಪನಿಯೇ ಬರೆಯಬೇಕು. ಬರೆಯುತ್ತದೆ ಕೂಡ: ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಮುಂಬದಿಯಲ್ಲಿ ತೋಳುಬ್ಬಿಸಿದ ಚಿತ್ರ ಬಣ್ಣಬಣ್ಣದಲ್ಲಿರುತ್ತದೆ. ಹಿಂಬದಿಯ ಆ ಮೂರು ಸಾಲು ದೊಡ್ಡ ಕನ್ನಡ ಅಕ್ಷರದಲ್ಲಿ ಇರಬೇಕು ಎಂದು ಯಾವ ಅಧಿಕಾರಿಯೂ ಒತ್ತಾಯಿಸಿದ್ದನ್ನು ನಾವು ಕಂಡಿಲ್ಲ.

ಪೌಡರಿಗಿಂತ ಕೆಟ್ಟದ್ದು 'ದಪ್ಪ ಆಗುವ ಗುಳಿಗೆ'. ತೆಳ್ಳಗಿರುವ ಹುಡುಗ ಹುಡುಗಿಯರಿಗೆ ಚೀಟಿ ಇಲ್ಲದೆ ಕೊಡುವ ಇಂಥ ಗುಳಿಗೆಗಳಲ್ಲಿ ಇರುವುದು ಹಲವು ಸಲ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡು ಮತ್ತು ಸೈಪ್ರೋಹೆಪ್ಟಾಡಿನ್ ಎಂಬ ಅಲರ್ಜಿಯ ಔಷಧಿ. ವಾರದಲ್ಲಿ ಮುಖ ತುಂಬಿಕೊಳ್ಳುತ್ತದೆ, ಹಸಿವು ಹೆಚ್ಚುತ್ತದೆ, ಮನೆಮಂದಿ ಖುಷಿಪಡುತ್ತಾರೆ. ಅದು ಮಾಂಸವಲ್ಲ, ನೀರು ಮತ್ತು ಕೊಬ್ಬು. ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ, ಸೋಂಕಿನ ವಿರುದ್ಧ ಹೋರಾಡುವ ಶಕ್ತಿ ಕುಂದುತ್ತದೆ. ತಿಂಗಳುಗಟ್ಟಲೆ ನುಂಗಿ ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಸೈಪ್ರೋಹೆಪ್ಟಾಡಿನ್ ತೂಕಡಿಕೆ ತರುತ್ತದೆ. ಓಡುವ ಬೆಲ್ಟಿನ ಪಕ್ಕ, ಕ್ರಷರಿನ ಬಾಯಿಯ ಹತ್ತಿರ ನಿಂತು ದುಡಿಯುವವನು ತೂಕಡಿಸಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಡೆಕ್ಸಾಮೆಥಾಸೋನ್ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿ. ಮಾರುವವನು ಅಪರಾಧಿ, ಅವನ ಲೈಸೆನ್ಸು ರದ್ದಾಗಬೇಕು.

ಅಶಕ್ತಿ ಎಂದ ಕೂಡಲೇ ಸಲಾಯಿನ್ ಹಚ್ಚಿಸಿಕೊಳ್ಳುವ ರೂಢಿಯೂ ಇದೇ ಸಾಲಿನದು. ಅರ್ಧ ಲೀಟರಿನ ಸಾದಾ ಸಲಾಯಿನ್ ಬಾಟಲಿಯಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಗ್ಲೂಕೋಸಿನ ಬಾಟಲಿಯಾದರೆ 25 ಗ್ರಾಂ ಗ್ಲೂಕೋಸು, ಹೆಚ್ಚೆಂದರೆ ಐದು ಚಮಚ ಸಕ್ಕರೆಯ ಸಮ. ಅದರಲ್ಲಿ ಹಳದಿ ವಿಟಮಿನ್ ಸೂಜಿ ಬೆರೆಸಿದರೆ ಬಣ್ಣ ಬರುತ್ತದೆ, ಬಿಲ್ಲು ಬೆಳೆಯುತ್ತದೆ. ವಾಂತಿ ಭೇದಿಯಿಂದ ಬಸವಳಿದು ಬಾಯಿಂದ ಏನೂ ಇಳಿಯದವನಿಗೆ ಸಲಾಯಿನ್ ಪ್ರಾಣ ಉಳಿಸುತ್ತದೆ. ನಡೆದು ಬಂದು, ಕೂತು ಮಾತಾಡುವವನಿಗೆ ಅದು ಬೇಡ. ನಮ್ಮ ಬೇಸಿಗೆಯಲ್ಲಿ ಕಲ್ಲುಗಣಿಯಲ್ಲಿ ಬೆವರು ಹರಿಸುವವನಿಗೆ ನಿಜವಾಗಿ ಒದಗುವ ಪುಡಿ ಒಂದಿದೆ: ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್. ಆಶಾ ಕಾರ್ಯಕರ್ತೆಯ ಹತ್ತಿರ ಅದು ಪುಕ್ಕಟೆ ಸಿಗುತ್ತದೆ. ಸಕ್ಕರೆ ನೀರನ್ನು ಅದೇ ಹೆಸರಿನಲ್ಲಿ ಮಾರುತ್ತಿದ್ದವರ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಓಆರ್‌ಎಸ್ ಎಂದು ಬರೆಯಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಕೊನೆಗೆ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಒಬ್ಬ ವೈದ್ಯೆ ಪಟ್ಟು ಹಿಡಿದರೆ ಲೇಬಲ್ ಬದಲಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

'ವಿಟಮಿನ್ ತಾನೇ, ಹೆಚ್ಚಾದರೆ ನಷ್ಟವೇನು' ಎನ್ನುವವರು ದೂಳಿನಲ್ಲಿ ದುಡಿದು ಬೀಡಿ ಸೇದುವವರ ಪಾಲಿಗೆ ಅತಿ ಮುಖ್ಯವಾದ ಎರಡು ಪರೀಕ್ಷೆಗಳ ಕಥೆ ಕೇಳಬೇಕು. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1994ರಲ್ಲಿ ಬಂತು: ದಿನವೂ ಬೀಟಾ ಕ್ಯಾರೊಟಿನ್ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ನೂರಕ್ಕೆ 18ರಷ್ಟು ಹೆಚ್ಚಿತ್ತು. ಅಮೆರಿಕದಲ್ಲಿ 18,314 ಜನರ ಮೇಲೆ, ಧೂಮಪಾನಿಗಳು ಮತ್ತು ಕಲ್ನಾರಿನ ದೂಳು ಕುಡಿದ ಕಾರ್ಮಿಕರ ಮೇಲೆ, ಬೀಟಾ ಕ್ಯಾರೊಟಿನ್ ಮತ್ತು ವಿಟಮಿನ್ ಎ ಕೊಟ್ಟು ನೋಡಿದರು. ಶ್ವಾಸಕೋಶದ ಕ್ಯಾನ್ಸರ್ ನೂರಕ್ಕೆ 28, ಸಾವು ನೂರಕ್ಕೆ 17 ಹೆಚ್ಚಾದದ್ದನ್ನು ಕಂಡು 1996ರಲ್ಲಿ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಕಾಪಾಡಲೆಂದು ಕೊಟ್ಟ ಗುಳಿಗೆ ಕೊಂದಿತು. ಗಜ್ಜರಿ ತಿಂದು ಯಾರಿಗೂ ಹೀಗಾಗಿಲ್ಲ. ಬೀಡಿ ಸೇದುವವರು ಬೀಟಾ ಕ್ಯಾರೊಟಿನ್ ಇರುವ ಯಾವ ಗುಳಿಗೆಯನ್ನೂ ಮುಟ್ಟಬಾರದು. ಶ್ವಾಸಕೋಶ ಉಳಿಸಿಕೊಳ್ಳುವ ದಾರಿ ಬೀಡಿ ಬಿಡುವುದು ಮತ್ತು ಒಳ್ಳೆಯ ಮಾಸ್ಕು ಕೊಡು ಎಂದು ಗುತ್ತಿಗೆದಾರನನ್ನು ಕೇಳುವುದು.

ಇನ್ನು ನಿಜವಾಗಿ ಬೇಕಾದ ಗುಳಿಗೆಗಳು. ಇಲ್ಲಿ ನಮ್ಮ ಮಾತು ಅಷ್ಟೇ ಖಡಕ್: ಇವನ್ನು ಬಿಡಬೇಡಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5 ಮಂದಿಗೆ ರಕ್ತಹೀನತೆ. ಗರ್ಭಿಣಿಗೆ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ಅದನ್ನು 180 ದಿನ ನುಂಗಬೇಕು, ಹೆತ್ತ ಮೇಲೆ ಮತ್ತೆ 180 ದಿನ. ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಿಗೆ ವಾರಕ್ಕೊಂದು ನೀಲಿ ಗುಳಿಗೆ. ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ ಎಂದು ಈ ಗುಳಿಗೆಗಳನ್ನು ಗೂಡಿನಲ್ಲಿಟ್ಟು ಮರೆಯುವ ಮನೆಯಲ್ಲಿಯೇ ಮಗನಿಗೆ ಡಬ್ಬಿ ಬರುತ್ತದೆ. ಇದು ನಮ್ಮನ್ನು ಬಹಳ ನೋಯಿಸುವ ಸಂಗತಿ. ಊಟವಾದ ಮೇಲೆ ನುಂಗಿ, ಜೊತೆಗೆ ನಿಂಬೆ ಹಿಂಡಿಕೊಳ್ಳಿ, ಮುಂದಿನ ಒಂದು ತಾಸು ಚಹಾ ಕುಡಿಯಬೇಡಿ.

ಎರಡನೆಯದು ಬಿ12. ಅದು ಸಿಗುವುದು ಪ್ರಾಣಿಜನ್ಯ ಆಹಾರದಲ್ಲಿ ಮಾತ್ರ. ಹಾಲು ಮೊಸರನ್ನೂ ಅಪರೂಪಕ್ಕೆ ಕಾಣುವ ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಅಸಿಡಿಟಿ ಗುಳಿಗೆಯನ್ನು ಬಿಡದೆ ತಿನ್ನುವವರಲ್ಲಿ ಅದು ಬತ್ತುತ್ತದೆ. ಕಾಲು ಜೋಮು ಹಿಡಿಯುವುದು, ಉರಿ, ಮರೆವು ಅದರ ಸುಳಿವು. ಪರೀಕ್ಷೆ ಮಾಡಿಸಿ ಗುಳಿಗೆಯನ್ನೋ ಸೂಜಿಯನ್ನೋ ತೆಗೆದುಕೊಂಡರೆ ವಾಸಿಯಾಗುತ್ತದೆ. ತಡ ಮಾಡಿದರೆ ನರಕ್ಕೆ ಆದ ಹಾನಿ ಪೂರ್ತಿ ತಿರುಗುವುದಿಲ್ಲ. ವಿಟಮಿನ್ ಡಿ ಕೂಡ ಹಾಗೆಯೇ, ಕೊರತೆ ಕಂಡರೆ ಮಾತ್ರ. ವಾರಕ್ಕೊಂದು ಎಂದು ಬರೆದುಕೊಟ್ಟ 60,000 ಯೂನಿಟ್ಟಿನ ಪುಡಿಯನ್ನು ದಿನಕ್ಕೊಂದು ಕುಡಿದು ರಕ್ತದಲ್ಲಿ ಸುಣ್ಣ ಏರಿಸಿಕೊಂಡು ಮೂತ್ರಪಿಂಡ ಕೆಡಿಸಿಕೊಂಡ ಪ್ರಕರಣಗಳು ಈ ದೇಶದಲ್ಲಿ ದಾಖಲಾಗಿವೆ. ಇಎಸ್‌ಐ ಕಾರ್ಡು ಇರುವ ಕಾರ್ಮಿಕರಿಗೆ ಕಲಬುರಗಿಯ ಸೇಡಂ ರಸ್ತೆಯಲ್ಲಿಯೇ ದೊಡ್ಡ ಆಸ್ಪತ್ರೆ ಇದೆ. ಡಬ್ಬಿ ಕೊಳ್ಳುವ ಮುಂಚೆ ಅಲ್ಲಿಗೆ ಹೋಗಿ ರಕ್ತ ಕೊಟ್ಟು ಬನ್ನಿ.

ಊಟದ ತಟ್ಟೆಗೆ ನೇರವಾಗಿ ಪೋಷಣೆ ಇಟ್ಟರೆ ಏನಾಗುತ್ತದೆಂಬುದನ್ನು ಸರ್ಕಾರವೇ ನಮ್ಮ ಮಕ್ಕಳಲ್ಲಿ ತೋರಿಸಿದೆ. 2021ರ ಡಿಸೆಂಬರಿನಲ್ಲಿ ಕಲಬುರಗಿ, ಯಾದಗಿರಿ, ಬೀದರ್ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಡನೆ ತತ್ತಿ ಬಂತು, ಒಲ್ಲದವರಿಗೆ ಬಾಳೆಹಣ್ಣು. ವಿರೋಧವೂ ಬಂತು, ಮಠಾಧೀಶರು ಬೀದಿಗಿಳಿಯುವ ಮಾತಾಡಿದರು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನದಲ್ಲಿ, ತತ್ತಿ ಸಿಕ್ಕ ಯಾದಗಿರಿಯ ಮಕ್ಕಳು ಸಿಗದ ಗದಗಿನ ಮಕ್ಕಳಿಗಿಂತ ಚೆನ್ನಾಗಿ ತೂಕ ಹೆಚ್ಚಿಸಿಕೊಂಡಿದ್ದು ಕಂಡಿತು. 2022ರಲ್ಲಿ ರಾಜ್ಯಕ್ಕೆಲ್ಲ ತತ್ತಿ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಕೊಡಲು ಒಪ್ಪಿ, ವಾರದ ಆರೂ ದಿನ ತತ್ತಿ ಎಂದಾಯಿತು. ಅಪ್ಪನ ಬುತ್ತಿಗೆ ಇಂಥದ್ದೊಂದು ಯೋಜನೆ ಇನ್ನೂ ಬಂದಿಲ್ಲ.

ಅದನ್ನು ತರಬೇಕಾದವರು ಕಾರ್ಖಾನೆಗಳು. 250ಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕ್ಯಾಂಟೀನ್ ಇರಬೇಕೆಂಬ ನಿಯಮ 1948ರ ಕಾರ್ಖಾನೆಗಳ ಕಾಯ್ದೆಯಲ್ಲಿಯೇ ಬಂದಿತ್ತು. ಆ ಕ್ಯಾಂಟೀನಿನಲ್ಲಿ ರಾತ್ರಿ ಪಾಳಿಯವನಿಗೂ, ಗುತ್ತಿಗೆಯವನಿಗೂ ಅದೇ ದರದಲ್ಲಿ ಗಟ್ಟಿ ಬೇಳೆ, ತತ್ತಿ ಇಲ್ಲವೇ ಮೊಸರು ಸಿಗಬೇಕು. ಸಿಎಸ್‌ಆರ್ ಹಣದಲ್ಲಿ ಊರಿಗೊಂದು ಜಿಮ್ ಕಟ್ಟಿಸಿ ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಇದು ಮೊದಲಾಗಬೇಕು. ಜಿಮ್ಮುಗಳಲ್ಲಿ ಕಸರತ್ತು ಹೇಳಿಕೊಡುವವನೇ ಡಬ್ಬಿ ಮಾರುವ ಪದ್ಧತಿಗೆ ಪುರಸಭೆಗಳು ಲೈಸೆನ್ಸಿನ ಷರತ್ತಿನಲ್ಲಿಯೇ ತಡೆ ಹಾಕಲಿ.

ಆಹಾರ ಸುರಕ್ಷತಾ ಅಧಿಕಾರಿಗಳ ಕೈಯಲ್ಲಿ 2006ರ ಕಾಯ್ದೆ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ 53ನೇ ಕಲಮಿನಡಿ 10 ಲಕ್ಷ ರೂಪಾಯಿವರೆಗೆ ದಂಡ, ಸುಳ್ಳು ಲೇಬಲಿಗೆ 52ನೇ ಕಲಮಿನಡಿ 3 ಲಕ್ಷದವರೆಗೆ. ಕೊಂಡ ಗ್ರಾಹಕನೂ ಶುಲ್ಕ ಕಟ್ಟಿ ತನ್ನ ಡಬ್ಬಿಯನ್ನು ಪರೀಕ್ಷೆಗೆ ಕೊಡಬಹುದು ಎಂದು 40ನೇ ಕಲಮು ಹೇಳುತ್ತದೆ. ಖವಾ, ಎಣ್ಣೆ, ಚಹಾಪುಡಿಯ ಮಾದರಿ ತೆಗೆಯುವ ಅಧಿಕಾರಿಗಳು ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಯ ಔಷಧಿ ಅಂಗಡಿ ಮತ್ತು ಜಿಮ್ಮುಗಳಿಂದ ಪ್ರೋಟೀನ್ ಡಬ್ಬಿಯ, ದಪ್ಪ ಆಗುವ ಗುಳಿಗೆಯ ಮಾದರಿಯನ್ನೂ ಈ ತಿಂಗಳಿನಿಂದಲೇ ತೆಗೆಯಬೇಕು. ಗುಳಿಗೆಯ ವಿಷಯದಲ್ಲಿ ಔಷಧ ನಿಯಂತ್ರಣ ಇಲಾಖೆ ಜೊತೆಗಿರಬೇಕು. ಯಾವ ಅಂಗಡಿ, ಯಾವ ಬ್ಯಾಚು, ಪ್ರಯೋಗಾಲಯ ಏನು ಹೇಳಿತು ಎಂಬುದನ್ನು ಕನ್ನಡದಲ್ಲಿ ಬರೆದು ತಾಲ್ಲೂಕು ಕಚೇರಿ ಮತ್ತು ಕಾರ್ಖಾನೆಗಳ ಗೇಟಿನ ಫಲಕದ ಮೇಲೆ ಅಂಟಿಸಬೇಕು.